ಕುಂಬು ಹಿಡಿದ ಚೌಕಟ್ಟು

ಮಲ್ಲೇಶ್ವರದ ನಮ್ಮ ಹಳೆಯ ಮನೆಯಲ್ಲಿ ಬಚ್ಚಲಿನ ಬಾಗಿಲ ಚೌಕಟ್ಟಿನ ಬುಡದಲ್ಲಿ ಬಣ್ಣ ಉಬ್ಬಿಕೊಂಡಿತ್ತು. ಗೆದ್ದಲಿಗೆ ಔಷಧಿ ಹೊಡೆಯುವವರನ್ನು ಕರೆಸಿದೆವು. ಬಂದವರು ಮರವನ್ನು ಮುಟ್ಟಿಯೂ ನೋಡದೆ ಗೆದ್ದಲೇ ಎಂದು ಹೇಳಿ, ಇಡೀ ಮನೆಗೆ ಔಷಧಿ ಹೊಡೆಯುವ ಲೆಕ್ಕ ಬರೆದುಕೊಟ್ಟರು. ಅಮ್ಮ ಚೀಟಿಯನ್ನು ಮಡಚಿಟ್ಟು, "ಮೊದಲು ಮರಗೆಲಸದ ಆಚಾರ್ರು ನೋಡಲಿ" ಎಂದರು.

ಆಚಾರ್ರು ಸ್ಕ್ರೂಡ್ರೈವರಿನ ತುದಿಯನ್ನು ಬುಡಕ್ಕೆ ಒತ್ತಿದರು. ಬೆರಳುದ್ದ ಸಲೀಸಾಗಿ ಒಳಗಿಳಿಯಿತು. ಬಣ್ಣ ಕೆರೆದರೆ ಮರ ಕಡುಕಂದಾಗಿ, ಉದ್ದಕ್ಕೂ ಅಡ್ಡಕ್ಕೂ ಬಿರಿದು, ಸಣ್ಣ ಸಣ್ಣ ಚೌಕಗಳಾಗಿ ಒಡೆದಿತ್ತು. ಒಂದು ಚೂರನ್ನು ಬೆರಳುಗಳ ನಡುವೆ ತಿಕ್ಕಿದೆ, ನಶ್ಯದಂತೆ ಪುಡಿಯಾಯಿತು.

"ಗೆದ್ದಲಾಗಿದ್ದರೆ ಒಳಗೆ ಮಣ್ಣು ಮೆತ್ತಿರುತ್ತಿತ್ತು. ಇದು ಕುಂಬು. ನೀರು ಎಲ್ಲಿಂದ ಬರುತ್ತಿದೆ ಹುಡುಕಿಸಿ, ಅಮ್ಮನವರೇ."

"ತೇಗದ ಮರವಲ್ಲವೇ ಆಚಾರ್ರೇ?"

"ತೇಗವೇ. ಆದರೆ ಈ ಅಂಚು ಕೆಚ್ಚಲ್ಲ, ಹೊರಗಿನ ಬಿಳಿ ಭಾಗ. ಅದಕ್ಕೆ ತಾಳಿಕೆ ಇಲ್ಲ."

ಕುಂಬು ಎಂದರೆ ಶಿಲೀಂಧ್ರ ಹಿಡಿದು ಮರ ಕೊಳೆಯುವುದು. ಇಂಥ ಶಿಲೀಂಧ್ರಗಳಲ್ಲಿ ಒಂದು ಬಗೆಯವು ಮರದ ನಾರಾದ ಸೆಲ್ಯುಲೋಸನ್ನು ತಿಂದು, ನಾರನ್ನು ಬಿಗಿಹಿಡಿಯುವ ಕಂದು ಬಣ್ಣದ ಲಿಗ್ನಿನ್ನನ್ನು ಬಹುಪಾಲು ಹಾಗೆಯೇ ಬಿಡುತ್ತವೆ. ಆ ಕಂದು ಬಣ್ಣಕ್ಕೂ ಚೌಕ ಬಿರುಕುಗಳಿಗೂ ಅದೇ ಕಾರಣ. ಮರದ ತೇವ ಅದರ ಒಣತೂಕದ ಶೇ. 20ಕ್ಕಿಂತ ಕೆಳಗಿದ್ದರೆ ಈ ಶಿಲೀಂಧ್ರ ಬೆಳೆಯುವುದಿಲ್ಲ. ಹೆಚ್ಚುಕಡಿಮೆ ಶೇ. 30ನ್ನು ದಾಟಿ ತೇವ ಹಾಗೆಯೇ ನಿಂತರೆ ಅದಕ್ಕೆ ಹಬ್ಬ. ಗೆದ್ದಲಿನ ಔಷಧಿ ಹೊಡೆದಿದ್ದರೆ ಹಣ ಹೋಗುತ್ತಿತ್ತು, ಕೊಳೆತ ಒಳಗೊಳಗೇ ಮೇಲೇರುತ್ತಿತ್ತು. ಮುಟ್ಟಿ ನೋಡದೆ ರೋಗ ಹೇಳುವವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ನೀರಿನ ಮೂಲ ಗೋಡೆಯೊಳಗಿತ್ತು. ಚೌಕಟ್ಟಿನ ಪಕ್ಕದ ಟೈಲ್ಸ್ ಒಡೆದಾಗ ಕೊಳವೆಯ ತಿರುವಿನಲ್ಲಿ ಹನಿ ಜಿನುಗುತ್ತಿತ್ತು. ಅದನ್ನು ಬದಲಿಸಿದ ಮೇಲೂ ಆಚಾರ್ರು ಮರಕ್ಕೆ ಕೈ ಹಚ್ಚಲಿಲ್ಲ. ಗೋಡೆ ಪೂರ್ತಿ ಒಣಗಲಿ ಎಂದು ವಾರಗಟ್ಟಲೆ ಕಾಯಿಸಿದರು. ಆಮೇಲೆ, ಕಣ್ಣಿಗೆ ಕಾಣುವ ಕೊಳೆತಕ್ಕಿಂತ ಮೇಲೆ, ಗಟ್ಟಿ ಮರದಲ್ಲೂ ಒಂದಷ್ಟನ್ನು ಸೇರಿಸಿ ಕೊಯ್ದರು. ಶಿಲೀಂಧ್ರದ ಎಳೆಗಳು ಕಾಣದಂತೆ ಮುಂದೆ ಹೋಗಿರುತ್ತವಂತೆ. ಕೊಯ್ದ ಮುಖಕ್ಕೂ ಹೊಸ ತುಂಡಿಗೂ ಶಿಲೀಂಧ್ರ ತಡೆಯುವ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣವನ್ನು ಹಚ್ಚಿ, ಒಣಗಿಸಿ, ಬಣ್ಣ ಬಳಿದರು. ಬಣ್ಣವಿಲ್ಲದಿದ್ದರೆ ಆ ದ್ರಾವಣ ನೀರಿನಲ್ಲಿ ತೊಳೆದುಹೋಗುತ್ತದೆ. ಚೌಕಟ್ಟಿನ ಕಾಲು ನೆಲಕ್ಕೆ ತಾಗದಂತೆ ಕೆಳಗೆ ಕಲ್ಲಿನ ತುಂಡು ಕೂತಿತು.

ಅವರು ಹೊರಡುವ ಮುನ್ನ ನಾನೇ ಏಣಿ ತಂದಿಟ್ಟೆ. ನಮ್ಮದು ಮದ್ರಾಸ್ ತಾರಸಿ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿದ ಸೂರು; ತೊಲೆಗಳ ತುದಿ ಗೋಡೆಯೊಳಗೆ ಹೂತಿರುತ್ತದೆ. ಅಲ್ಲಿ ಕುಂಬು ಹಿಡಿದರೆ ಸೂರೇ ಕೆಳಗೆ. ಸುತ್ತಿಗೆಯಿಂದ ಒಂದೊಂದನ್ನೂ ತಟ್ಟುತ್ತಾ ಹೋದರು. ಮಳೆನೀರಿನ ದೋಣಿಯ ಕೆಳಗಿನ ತೊಲೆ ಮಾತ್ರ ಮಂದವಾಗಿ ಸದ್ದು ಮಾಡಿತು. ಸ್ಕ್ರೂಡ್ರೈವರ್ ಒತ್ತಿದರೆ ತುದಿಯಷ್ಟೇ ಇಳಿಯಿತು, ಮರ ಇನ್ನೂ ಗಟ್ಟಿಯಿದೆ. ದೋಣಿಯ ಬಾಯಿಯ ಬಿರುಕನ್ನು ಅದೇ ವಾರ ಮುಚ್ಚಿಸಿದೆವು.