ಬಾಗಿಲು ಕಾಯುವವರ ಊರಿನಲ್ಲಿ ಒಂದು ದಿನ

ಅಂಕಾರಾದಿಂದ ಪೂರ್ವಕ್ಕೆ ಸುಮಾರು 200 ಕಿಲೋಮೀಟರ್ ಹೋದರೆ ಬೋಗಾಜ್‌ಕಲೆ ಎಂಬ ಚಿಕ್ಕ ಊರು. ಅದರ ಬೆನ್ನಿಗಿರುವ ಗುಡ್ಡವೇ ಹತ್ತುಶಾ, ಮೂರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಇಂದಿನ ಟರ್ಕಿಯ ನಾಡನ್ನಾಳಿದ ಹಿಟ್ಟೈಟರ ರಾಜಧಾನಿ. ಈಜಿಪ್ಟಿನ ಎರಡನೆಯ ರಾಮ್ಸೆಸ್ 'ಸೋದರ' ಎಂದು ಕರೆದು ಪತ್ರ ಬರೆಯುತ್ತಿದ್ದ ದೊರೆಗಳು ಆಳಿದ ಜಾಗ. ಮೇ ತಿಂಗಳ ಒಂದು ಬೆಳಿಗ್ಗೆ ನಾನೂ ನನ್ನ ಹೆಂಡತಿಯೂ ಹತ್ತಿರದ ಸುಂಗುರ್ಲು ಪಟ್ಟಣದಲ್ಲಿ ಟ್ಯಾಕ್ಸಿ ಗೊತ್ತುಮಾಡಿಕೊಂಡು ಅಲ್ಲಿಗೆ ಹೋದೆವು. ಕೋಟೆಗೋಡೆಯೇ ಆರು ಕಿಲೋಮೀಟರಿಗಿಂತ ಉದ್ದ. ವಾಹನವಿಲ್ಲದೆ ಒಂದೇ ದಿನದಲ್ಲಿ ಸುತ್ತಿ ಮುಗಿಸುವುದು ಕಷ್ಟ.

ನನ್ನನ್ನು ಅಷ್ಟು ದೂರ ಎಳೆದುಕೊಂಡು ಹೋದದ್ದು ಅಸ್ಸೀರಿಯಾದ, ಅಂದರೆ ಇಂದಿನ ಉತ್ತರ ಇರಾಕಿನಲ್ಲಿದ್ದ ಹಳೆಯ ಸಾಮ್ರಾಜ್ಯದ, ರೆಕ್ಕೆಯ ಗೂಳಿಗಳು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಅವುಗಳ ಮುಂದೆ ನಾನು ಗಂಟೆಗಟ್ಟಲೆ ನಿಂತವನು. ಮನುಷ್ಯನ ಮುಖ, ಗೂಳಿಯ ಮೈ, ಹದ್ದಿನ ರೆಕ್ಕೆ. ಕಾಲು ಮಾತ್ರ ಐದು: ಎದುರಿನಿಂದ ನೋಡಿದರೆ ಕದಲದೆ ನಿಂತಿದೆ, ಪಕ್ಕದಿಂದ ನೋಡಿದರೆ ನಡೆಯುತ್ತಿದೆ. ಕ್ರಿ.ಪೂ. ಎಂಟನೆಯ ಶತಮಾನದಲ್ಲಿ ಎರಡನೆಯ ಸಾರ್ಗಾನ್ ತನ್ನ ಹೊಸ ರಾಜಧಾನಿಗೆ, ಅಂದರೆ ಇಂದಿನ ಖೋರ್ಸಾಬಾದ್‌ಗೆ, ಮಾಡಿಸಿದ ಒಂದು ಗೂಳಿಯ ಪೀಠದ ಮೇಲೆ ಯಾರೋ ಆಟದ ಮನೆಗಳನ್ನು ಕೆರೆದಿದ್ದಾರೆ. ಬಾಗಿಲ ಕಾವಲಿನವರು ಹೊತ್ತು ಕಳೆಯಲು ಕೆರೆದಿರಬೇಕು. ದೈವದ ಕಾಲ ಬುಡದಲ್ಲಿ ಕುಳಿತು ದಾಳ ಉರುಳಿಸಿದ ಆ ಸಿಪಾಯಿಗಳು ನನಗೆ ಸಾರ್ಗಾನನಿಗಿಂತ ಹತ್ತಿರದವರು.

ಹತ್ತುಶಾದ ಸಿಂಹದ್ವಾರ ಆ ಗೂಳಿಗಳಿಗಿಂತ ಐನೂರು ವರ್ಷವಾದರೂ ಹಳೆಯದು. ಬಾಗಿಲಿನ ಎರಡೂ ಕಡೆ ಆಳೆತ್ತರ ಮೀರಿದ ಬಂಡೆಗಳು, ಅವುಗಳ ಒಳಗಿನಿಂದಲೇ ತಲೆ, ಎದೆ, ಮುಂಗಾಲು ಹೊರಚಾಚಿದ ಸಿಂಹಗಳು. ಹಿಂಭಾಗ ಕಲ್ಲಾಗಿಯೇ ಉಳಿದಿದೆ. ಹತ್ತಿರ ಹೋದರೆ ಎದೆಯ ಮೇಲಿನ ಕೇಸರದ ಎಳೆಗಳು ಒಂದೊಂದಾಗಿ ಕಾಣುತ್ತವೆ. ಬಾಯಿ ತೆರೆದಿದೆ, ಕಣ್ಣಿನ ಜಾಗದಲ್ಲಿ ಗುಳಿ ಇದೆ. ಅಲ್ಲಿ ಹಿಂದೆ ಬೇರೆ ಕಲ್ಲಿನ ಕಣ್ಣು ಕೂರಿಸಿದ್ದರಂತೆ. ನನ್ನ ಹೆಂಡತಿ ಗೇಟಿನ ಹೊರಗೆ ಇಳಿಜಾರಿನಲ್ಲಿ ಸ್ವಲ್ಪ ಕೆಳಗಿಳಿದು, ಅಲ್ಲಿಂದ ಏರುತ್ತ ಬಂದು ನೋಡಲು ಹೇಳಿದಳು. ಹಾಗೆಯೇ ಮಾಡಿದೆ. ಸಿಂಹಗಳ ನೋಟವೆಲ್ಲ ಹೊರಗಿನಿಂದ ಬರುವವನ ಮೇಲೆಯೇ. ಒಳಗಿದ್ದವರಿಗೆ ಅವುಗಳ ಮುಖ ಕಾಣುವುದೇ ಇಲ್ಲ.

ಈ ಕೆಲಸ ಅಸ್ಸೀರಿಯಾಕ್ಕೆ ತಲುಪಿದ ದಾರಿಯೇ ನನಗೆ ಈ ಇಡೀ ಇತಿಹಾಸದ ತಿರುಳು. ಮನೆ ಕಾಯುವ ದೈವಗಳು ಮೆಸೊಪೊಟೇಮಿಯಾಕ್ಕೆ ಹೊಸತಲ್ಲ. ಆದರೆ ಬಾಗಿಲ ಬಂಡೆಯಿಂದಲೇ ಪ್ರಾಣಿಯನ್ನು ಎಬ್ಬಿಸುವುದನ್ನೂ ಗೋಡೆಯುದ್ದಕ್ಕೂ ಕೆತ್ತಿದ ಚಪ್ಪಡಿ ನಿಲ್ಲಿಸುವುದನ್ನೂ ಅಸ್ಸೀರಿಯನ್ನರು ಪಶ್ಚಿಮದಿಂದ ಕಲಿತರೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಹತ್ತುಶಾ ಬಿದ್ದ ಮೇಲೂ ಕಾರ್ಕೆಮಿಶ್, ಮಲಾಟ್ಯದಂತಹ ಸಣ್ಣ ರಾಜ್ಯಗಳು ಹಿಟ್ಟೈಟ್ ಪದ್ಧತಿಯನ್ನು ಉಳಿಸಿಕೊಂಡವು. ಅಸ್ಸೀರಿಯದ ಅರಸರು ಆ ಸೀಮೆಯನ್ನು ಹಿಟ್ಟೈಟರ ನಾಡಿನ ಹಳೆಯ ಹೆಸರಾದ 'ಹತ್ತಿ' ಎಂದೇ ಕರೆದರು. ಎರಡನೆಯ ಅಶುರ್‌ನಾಸಿರ್‌ಪಾಲ್ (ಕ್ರಿ.ಪೂ. 883–859) ಕಾರ್ಕೆಮಿಶ್‌ನಿಂದ ಕಪ್ಪ ಪಡೆದು ಮೆಡಿಟರೇನಿಯನ್ ಕಡಲಿನವರೆಗೆ ಹೋಗಿಬಂದ. ಅವನು ನಿಮ್ರೂದ್‌ನಲ್ಲಿ ಕಟ್ಟಿಸಿದ ಅರಮನೆಯಲ್ಲಿ ರೆಕ್ಕೆಯ ಗೂಳಿ, ಸಿಂಹಗಳು ಎದ್ದವು. ಸಾರ್ಗಾನ್ ಅಂತೂ 'ಹತ್ತಿ ದೇಶದ ಅರಮನೆಯ ಹಾಗೆ' ಮುಖಮಂಟಪ ಕಟ್ಟಿಸಿದೆನೆಂದು ಬರೆಸಿಯೇ ಬಿಟ್ಟ. ಕಾರ್ಕೆಮಿಶನ್ನು ಕ್ರಿ.ಪೂ. 717ರಲ್ಲಿ ನುಂಗಿದವನೂ ಅವನೇ. ಸೋತವರ ಬಾಗಿಲು ಗೆದ್ದವರಿಗೆ ಅಷ್ಟು ಹಿಡಿಸಿತ್ತು.

ಈ ಮೂರ್ತಿಗಳನ್ನು ರಾಜರ ದರ್ಪದ ಗುರುತೆಂದು ಬರೆಯುವುದು ರೂಢಿ. ನನಗೆ ಅವುಗಳಲ್ಲಿ ಕಾಣುವುದು ಭಯ. ಅಸ್ಸೀರಿಯದ ರಾಜಧಾನಿಯಾಗಿದ್ದ ನಿನೆವೆಯಲ್ಲಿ ಸಿಕ್ಕಿದ, ಅಂಗೈಯಲ್ಲಿ ಹಿಡಿಸುವ ಐದು ಮಣ್ಣಿನ ನಾಯಿಗಳು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಒಂದೊಂದರ ಪಕ್ಕೆಯ ಮೇಲೂ ಅದರ ಹೆಸರು ಬರೆದಿದೆ. ಒಂದರ ಹೆಸರು 'ಯೋಚಿಸಬೇಡ, ಕಚ್ಚು'. ಇಂಥ ಬೊಂಬೆಗಳನ್ನು ನೆಲದ ಕೆಳಗೆ ಹೂಳುತ್ತಿದ್ದರು. ಬಸುರಿಯರನ್ನೂ ಹಸುಗೂಸುಗಳನ್ನೂ ಕಾಡುವ ಲಮಷ್ಟುವನ್ನು ಓಡಿಸಲು ಪಜೂಜು ಎಂಬ ಇನ್ನೊಂದು ಭೂತದ ತಲೆಯನ್ನು ಹೆಂಗಸರು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು. ಅರಮನೆಯ ಗೂಳಿಗೂ ಆ ತಾಯಿತಕ್ಕೂ ಕೆಲಸ ಒಂದೇ.

ಮಧ್ಯಾಹ್ನ ಯೆರ್ಕಪಿಯ ಕಲ್ಲಿನ ಸುರಂಗ ದಾಟಿ, ಮೇಲಿನ ಸ್ಫಿಂಕ್ಸ್ ದ್ವಾರ ನೋಡಿ, ಬ್ಯೂಯುಕ್‌ಕಲೆಯ ಅರಮನೆ ದಿಬ್ಬಕ್ಕೆ ಬಂದೆವು. 1906ರಲ್ಲಿ ಅಗೆತ ಶುರುವಾದಾಗಿನಿಂದ ಹತ್ತುಶಾದಲ್ಲಿ ಜೇಡಿಮಣ್ಣಿನ ಹಲಗೆಗಳೂ ತುಣುಕುಗಳೂ ಸೇರಿ ಸುಮಾರು 30,000 ಸಿಕ್ಕಿವೆ. ಅವುಗಳಲ್ಲಿ ಕ್ರಿ.ಪೂ. ಹದಿನಾಲ್ಕನೆಯ ಶತಮಾನದ ಒಂದು ಒಪ್ಪಂದ, ಹಿಟ್ಟೈಟ್ ದೊರೆ ಸುಪ್ಪಿಲುಲಿಯುಮನಿಗೂ ಉತ್ತರ ಸಿರಿಯಾ ಕಡೆಯ ಮಿತನ್ನಿ ರಾಜ್ಯದ ಶತ್ತಿವಾಜನಿಗೂ ಆದದ್ದು. ಮಾತು ತಪ್ಪದಂತೆ ಕಾಯಲು ಕರೆದ ದೇವರ ಪಟ್ಟಿಯಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರೂ ಇದ್ದಾರೆ. ಬಾಲ್ಯದಿಂದ ಕೇಳಿದ ಹೆಸರುಗಳು ಆ ಗಾಳಿ ಬೀಸುವ ಬೋಳು ಗುಡ್ಡದಲ್ಲಿ ಮೂರು ಸಾವಿರ ವರ್ಷ ಮಣ್ಣಿನಡಿ ಇದ್ದವೆಂದು ನೆನೆದಾಗ ಮೈ ಜುಮ್ಮೆಂದಿತು. ಅವನ್ನು ನಾನು ಗಟ್ಟಿಯಾಗಿಯೇ ಉಚ್ಚರಿಸಿದೆ.

ಅಷ್ಟೆಲ್ಲ ಕಾವಲಿದ್ದೂ ಊರು ಉಳಿಯಲಿಲ್ಲ. ಫೆರೋ ಮೆರ್‌ನೆಪ್ತಾ 'ಹತ್ತಿ ದೇಶದ ಜೀವ ಉಳಿಸಲು' ಧಾನ್ಯ ಕಳುಹಿಸಿದೆನೆಂದು ಕಾರ್ನಾಕ್‌ನಲ್ಲಿ ಕೆತ್ತಿಸಿದ್ದಾನೆ. ಕ್ರಿ.ಪೂ. 1198ರಿಂದ 1196ರವರೆಗೆ ಕಡುಬರ ಬಿದ್ದಿತ್ತೆಂದು ಗೋರ್ಡಿಯನ್‌ನಲ್ಲಿ ಸಿಕ್ಕಿದ ಮರದ ಉಂಗುರಗಳು ತೋರಿಸುತ್ತವೆ. ದೇಗುಲ, ಅರಮನೆಗಳ ಅವಶೇಷಗಳಲ್ಲಿ ಬೆಲೆಬಾಳುವ ಸಾಮಾನು ಸಿಗಲೇ ಇಲ್ಲವೆನ್ನಬೇಕು. ಬೆಂಕಿ ಬೀಳುವ ಮೊದಲೇ ಅರಮನೆಯವರು ಗಂಟುಮೂಟೆ ಕಟ್ಟಿದ್ದರು.

ಕೊನೆಗೆ ಯಾಜಿಲಿಕಯಾ, ಊರಾಚೆ ಬಂಡೆಗಳ ನಡುವಿನ ದೇವಸ್ಥಾನ. ದೊಡ್ಡ ಅಂಗಳದ ಗೋಡೆಗಳಲ್ಲಿ ದೇವರ ಮೆರವಣಿಗೆಯಿದೆ. ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಪಕ್ಕದ ಇಕ್ಕಟ್ಟಾದ ಕಿಂಡಿಯಲ್ಲಿ. ಅದರ ಎರಡೂ ಬದಿಗೆ ಸಿಂಹದ ತಲೆಯ, ರೆಕ್ಕೆಯ, ಕೈಯೆತ್ತಿ ನಿಂತ ಭೂತಗಳು. ನಿನೆವೆಯ ಅರಮನೆಯಲ್ಲಿ ಕಠಾರಿ ಎತ್ತಿ ನಿಲ್ಲುವ ಸಿಂಹತಲೆಯ ಉಗಲ್ಲುವಿಗೆ ಇವರು ಆರುನೂರು ವರ್ಷ ಹಿರಿಯರು. ಗದರಿಸುವ ಭಂಗಿ ಅದೇ.

ಅವರನ್ನು ದಾಟಿ ಒಳಗೆ ಹೋದರೆ ಗದರಿಕೆ ಇಲ್ಲ. ಶರ್ರುಮ ದೇವರು ದೊರೆ ನಾಲ್ಕನೆಯ ತುಧಲಿಯನ ಕೊರಳ ಸುತ್ತ ತೋಳು ಹಾಕಿ, ಅವನ ಮಣಿಕಟ್ಟು ಹಿಡಿದು ಮುನ್ನಡೆಸುತ್ತಿದ್ದಾನೆ. ದೇವರು ಎತ್ತರ, ದೊರೆ ಅವನ ಭುಜದಷ್ಟು. ನಿಹ್ರಿಯದ ಯುದ್ಧದಲ್ಲಿ ಅಸ್ಸೀರಿಯನ್ನರ ಕೈಯಲ್ಲಿ ಸೋತವನು ಇದೇ ತುಧಲಿಯ ಎಂದು ಹೆಚ್ಚಿನವರ ಅಭಿಪ್ರಾಯ. ಈ ಕೋಣೆ ಅವನ ಸ್ಮಾರಕವೆಂದೂ ಮಾಡಿಸಿದವನು ಮಗ ಎರಡನೆಯ ಸುಪ್ಪಿಲುಲಿಯುಮನೆಂದೂ ನಂಬಲಾಗಿದೆ. ಹತ್ತುಶಾದಿಂದ ಆಳಿದ, ನಮಗೆ ಗೊತ್ತಿರುವ ಕಡೆಯ ದೊರೆ ಆ ಮಗ. ಸೋತ ಅಪ್ಪನಿಗೆ ಅವನು ವಿಜಯದ ಚಿತ್ರವನ್ನು ಕೆತ್ತಿಸಲಿಲ್ಲ, ದೇವರ ತೋಳನ್ನು ಕೆತ್ತಿಸಿದ. ಆ ದಿನ ನೋಡಿದ ಕಾವಲುಗಾರರಲ್ಲೆಲ್ಲ ನನಗೆ ಶರ್ರುಮನೇ ಹೆಚ್ಚು.