22 ಎಂದರೆ 23ಕ್ಕೆ ಹೋಗುತ್ತಿದ್ದ ಗೋಟೆಕ್

ಹಳೆಯ ಕಂಪ್ಯೂಟರೊಂದಕ್ಕೆ ಗೋಟೆಕ್, ಅಂದರೆ ಪೆನ್‌ಡ್ರೈವನ್ನೇ ಫ್ಲಾಪಿಯೆಂದು ನಂಬಿಸುವ ಪೆಟ್ಟಿಗೆ, ಜೋಡಿಸಿದಾಗಿನಿಂದ ಮೂರು ವಾರ ನನ್ನ ನಿದ್ದೆ ಕೆಡಿಸಿದ್ದ ದೋಷವು ನಿನ್ನೆ ರಾತ್ರಿ ಹನ್ನೊಂದೂವರೆಗೆ ಕೈಗೆ ಸಿಕ್ಕಿತು. ಅದು ಫ್ಲಾಪಿ ಡ್ರೈವಿಗೆ ಆದೇಶ ಕೊಡುವ 8271 ಕಂಟ್ರೋಲರಿನಲ್ಲಿ ಇರಲಿಲ್ಲವೆಂಬುದೇ ದೊಡ್ಡ ಸಮಾಧಾನ, ಏಕೆಂದರೆ ಇಂಟೆಲ್ ಆ ಚಿಪ್ಪನ್ನು ಕೈಬಿಟ್ಟು ದಶಕಗಳೇ ಕಳೆದಿವೆ ಮತ್ತು ಅದಕ್ಕೆ ಬದಲಿ ಹುಡುಕುವುದೆಂದರೆ ಹುಲಿಯ ಹಾಲನ್ನು ತರಲು ಹೊರಟಂತೆ.

ಯಂತ್ರವು ಬಿಬಿಸಿ ಮೈಕ್ರೋ ಮಾಡೆಲ್ ಬಿ. 1984ರಲ್ಲಿ ಆರಂಭವಾದ, ಶಾಲಾ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಕ್ಲಾಸ್ ಯೋಜನೆಯಡಿ ನಮ್ಮ ದೇಶದ ಶಾಲೆಗಳಿಗೆ ಬಂದದ್ದು ಇದೇ ಮಾದರಿ. ನನಗೆ ಗುಜರಿಯಲ್ಲಿ ಸಿಕ್ಕಿದ ಯಂತ್ರದ ತಳದಲ್ಲೂ ಬಿಳಿ ಬಣ್ಣದಲ್ಲಿ ಬರೆದ ದಾಸ್ತಾನು ಸಂಖ್ಯೆಯೊಂದಿದೆ. ಪವರ್ ಸಪ್ಲೈಯ ಕೆಪಾಸಿಟರುಗಳನ್ನು ಬದಲಿಸಿದ್ದು, ಕೀಲಿಗಳನ್ನು ತೊಳೆದದ್ದು ಎಲ್ಲರೂ ಮಾಡುವ ಕೆಲಸವಾದ್ದರಿಂದ ಬಿಟ್ಟುಬಿಡುತ್ತೇನೆ. ಗೋಟೆಕ್ ವಿಷಯದಲ್ಲಿಯೂ ಒಂದೇ ಮಾತು: ಮಾರಾಟಗಾರರ ಚಿತ್ರದಲ್ಲಿ ಇದ್ದದ್ದು ಎಸ್‌ಟಿಎಂ32 ಚಿಪ್ಪು, ಪೆಟ್ಟಿಗೆಯಲ್ಲಿ ಬಂದದ್ದು ಎಟಿ32. ಕೇಳಿದರೆ "ಎರಡೂ ಒಂದೇ ಸರ್" ಎಂಬ ಉತ್ತರ. ಫ್ಲ್ಯಾಶ್‌ಫ್ಲಾಪಿಯ (ಗೋಟೆಕ್‌ಗೆ ಹಾಕುವ ಬದಲಿ ಫರ್ಮ್‌ವೇರ್) ಮೂರನೆಯ ಸರಣಿಯ ಆವೃತ್ತಿಗಳು ಎರಡರಲ್ಲಿಯೂ ನಡೆಯುವುದರಿಂದ ನಾನು ಜಗಳಕ್ಕೆ ಹೋಗಲಿಲ್ಲ. ಅದನ್ನು ಮೊದಲನೆಯ ಡ್ರೈವೆಂದು ಗುರುತಿಸುವ ಎಸ್0 ಜಂಪರ್ ಹಾಕಿ, ಸೆಟ್ಟಿಂಗುಗಳಿರುವ ಎಫ್‌ಎಫ್.ಸಿಎಫ್‌ಜಿ ಕಡತದಲ್ಲಿ ಇಂಟರ್‌ಫೇಸನ್ನು ಶುಗಾರ್ಟ್ ಎಂದೂ ಹೋಸ್ಟನ್ನು ಏಕಾರ್ನ್ (ಬಿಬಿಸಿ ಮೈಕ್ರೋ ತಯಾರಿಸಿದ ಕಂಪನಿ) ಎಂದೂ ಬರೆದು, ಪೆನ್‌ಡ್ರೈವಿಗೆ ಎಸ್‌ಎಸ್‌ಡಿ ಕಡತಗಳನ್ನು, ಅಂದರೆ ಒಂದೊಂದು ಫ್ಲಾಪಿಯ ಪೂರ್ಣ ನಕಲುಗಳನ್ನು, ತುಂಬಿದೆ. 8 ಜಿಬಿ ಪೆನ್‌ಡ್ರೈವಿನಲ್ಲಿ 200 ಕೆಬಿಯ ಡಿಸ್ಕುಗಳು ಸುಮಾರು 39 ಸಾವಿರ ಹಿಡಿಯುತ್ತವೆ. ಆದರೆ ಪ್ರತಿ ಡಿಸ್ಕಿನಲ್ಲಿ 31ಕ್ಕಿಂತ ಹೆಚ್ಚು ಕಡತಗಳಿಗೆ ಬಿಬಿಸಿಯ ಡಿಸ್ಕ್ ವ್ಯವಸ್ಥೆಯಾದ ಡಿಎಫ್‌ಎಸ್ ಇಂದಿಗೂ ಒಪ್ಪುವುದಿಲ್ಲ. ಅರಮನೆಯಷ್ಟು ಜಾಗ ಕೊಟ್ಟರೂ ಅಜ್ಜ ತನ್ನ ಟ್ರಂಕಿನಲ್ಲೇ ಬಟ್ಟೆ ಇಡುತ್ತಾನೆ.

ತೊಂದರೆ ಹೀಗಿತ್ತು. ಡಿಸ್ಕಿನ ಕಡತಗಳ ಪಟ್ಟಿಯಾದ ಕ್ಯಾಟಲಾಗ್ ಪ್ರತಿ ಸಲವೂ ಸರಿಯಾಗಿ ಬರುತ್ತಿತ್ತು. ಚಿಕ್ಕ ಕಡತಗಳು ಬಹುತೇಕ ತೆರೆಯುತ್ತಿದ್ದವು. ಆದರೆ ಡಿಸ್ಕಿನ ಒಳಭಾಗದಲ್ಲಿರುವ ಯಾವುದನ್ನಾದರೂ ಕೇಳಿದರೆ, ಮೂರು ನಾಲ್ಕು ಸಲಕ್ಕೊಮ್ಮೆ "ಡಿಸ್ಕ್ ಫಾಲ್ಟ್ 18" ಎಂದು ಯಂತ್ರವು ನಿಂತುಬಿಡುತ್ತಿತ್ತು. ಡಿಸ್ಕಿನ ಮೇಲಿನ ವೃತ್ತಗಳು ಟ್ರ್ಯಾಕುಗಳು, ಅವುಗಳ ತುಂಡುಗಳು ಸೆಕ್ಟರುಗಳು; 18 ಎಂದರೆ ಕೇಳಿದ ಸೆಕ್ಟರ್ ಸಿಗಲಿಲ್ಲವೆಂದು ಅರ್ಥ. ಪಕ್ಕದಲ್ಲಿ ತೋರಿಸುವ ಟ್ರ್ಯಾಕ್ ಸಂಖ್ಯೆಯು ಹತ್ತರ ಬದಲು ಹದಿನಾರರ ಲೆಕ್ಕದ ಹೆಕ್ಸಾಡೆಸಿಮಲ್‌ನಲ್ಲಿ ಇರುತ್ತದೆಂಬುದನ್ನು ಮರೆತು, 16 ಎಂದು ಕಂಡದ್ದನ್ನು ಹದಿನಾರೆಂದೇ ಓದಿಕೊಂಡು, ಒಂದು ಇಡೀ ಸಂಜೆ ನಿರಪರಾಧಿಯಾದ ಹದಿನಾರನೆಯ ಟ್ರ್ಯಾಕಿನ ಬೈಟುಗಳನ್ನು ಲ್ಯಾಪ್‌ಟಾಪಿನಲ್ಲಿ ಎಣಿಸಿದೆನೆಂದು ಇಲ್ಲಿ ನಾಚಿಕೆಯಿಂದ ದಾಖಲಿಸುತ್ತೇನೆ. ಅದು ಇಪ್ಪತ್ತೆರಡು.

ಪೆನ್‌ಡ್ರೈವ್ ಬದಲಿಸಿದೆ, ಫರ್ಮ್‌ವೇರ್ ಬದಲಿಸಿದೆ. ಕೀಬೋರ್ಡಿನ ಮೇಲಿನ 3 ಮತ್ತು 4ನೆಯ ಲಿಂಕುಗಳಿಂದ ಸ್ಟೆಪ್ ವೇಗವನ್ನು, ಅಂದರೆ ಡ್ರೈವಿನ ತಲೆಯು ಟ್ರ್ಯಾಕಿನಿಂದ ಟ್ರ್ಯಾಕಿಗೆ ಸರಿಯುವ ವೇಗವನ್ನು, ತಗ್ಗಿಸಿ ನೋಡಿದೆ. ದೋಷವು ಕೂದಲೆಳೆಯಷ್ಟೂ ಕದಲಲಿಲ್ಲ. ಕೊನೆಗೆ ಹೊಳೆದದ್ದೇನೆಂದರೆ, ಗೋಟೆಕ್ ತಾನು ಯಾವ ಟ್ರ್ಯಾಕಿನ ಮೇಲಿದ್ದೇನೆಂದು ತಿಳಿದುಕೊಂಡಿದೆಯೋ ಅದನ್ನು ತನ್ನ ಓಎಲ್‌ಇಡಿ ಪರದೆಯ ಮೇಲೆಯೇ ಬರೆಯುತ್ತದೆ. ನಿಜವಾದ ಫ್ಲಾಪಿ ಡ್ರೈವ್ ಈ ಉಪಕಾರವನ್ನು ಎಂದಿಗೂ ಮಾಡಿದ್ದಿಲ್ಲ. ಹಾಗಾಗಿ ಏನನ್ನೂ ಓದದೆ ತಲೆಯನ್ನು ಮಾತ್ರ ಸರಿಸುವ ಸೀಕ್ ಆದೇಶ &69 ಅನ್ನು ಬಿಬಿಸಿಯ ಆಪರೇಟಿಂಗ್ ಸಿಸ್ಟಮ್ಮಿನ ಕರೆಯಾದ ಓಎಸ್‌ವರ್ಡ್ &7ಎಫ್ ಮೂಲಕ 8271ಕ್ಕೆ ನೇರವಾಗಿ ಕಳುಹಿಸುವ ಬೇಸಿಕ್ ಪ್ರೋಗ್ರಾಮೊಂದನ್ನು ಬರೆದೆ. 22ಕ್ಕೆ ಹೋಗೆಂದರೆ ಪರದೆಯ ಮೇಲೆ 22 ಬಂತು. ಮತ್ತೆ ಸೊನ್ನೆ, ಮತ್ತೆ 22. ಐದನೆಯ ಸಲ 23.

ಕುರ್ಚಿಯಿಂದ ಎದ್ದೇಬಿಟ್ಟೆ. ಕಂಟ್ರೋಲರ್ ಕೊಟ್ಟದ್ದು 22 ಹೆಜ್ಜೆ, ಗೋಟೆಕ್ ಎಣಿಸಿದ್ದು 23. ಸೊನ್ನೆಗೆ ಮರಳಿದಾಗಲೆಲ್ಲ ಲೆಕ್ಕವು ಹೊಸದಾಗಿ ಆರಂಭವಾಗುವುದರಿಂದ ಸೊನ್ನೆಯ ಟ್ರ್ಯಾಕಿನಲ್ಲಿರುವ ಕ್ಯಾಟಲಾಗ್ ಸದಾ ಕುಶಲವಾಗಿತ್ತು, ದೂರ ಹೋದಷ್ಟೂ ತಪ್ಪುವ ಅವಕಾಶ ಹೆಚ್ಚುತ್ತಿತ್ತು. 0ಯಿಂದ 39ಕ್ಕೆ 100 ಸುತ್ತು ಓಡಿಸಿದಾಗ 14 ಸಲ ಪರದೆಯು 40 ಎಂದಿತು.

ಒಂದು ಪಲ್ಸಿಗೆ ಒಂದು ಹೆಜ್ಜೆ ಎಂದು ಹೇಳುವ ಸ್ಟೆಪ್ ಗೆರೆಯಲ್ಲಿ (ತಂತಿಯಲ್ಲಿ) ಕಳ್ಳ ಪಲ್ಸೊಂದು ನುಸುಳುತ್ತಿದೆಯೆಂದಾಯಿತು. ಹಳೆಯ ಡ್ರೈವಿನಲ್ಲಿ ಈ ಗೆರೆಗಳನ್ನು 5 ವೋಲ್ಟಿಗೆ ಎಳೆದು ಹಿಡಿಯುವ 150 ಓಮಿನ ರೆಸಿಸ್ಟರ್ (ಟರ್ಮಿನೇಟರ್) ಇರುತ್ತಿತ್ತು, ನನ್ನ ಗೋಟೆಕ್ ಹಲಗೆಯಲ್ಲಿರುವುದು ಅದೇ ಕೆಲಸದ, ಆದರೆ ಹಿಡಿತ ಕಡಿಮೆಯಿರುವ 1 ಕಿಲೋ ಓಮಿನ ಪುಲ್‌ಅಪ್. ಸ್ಟೆಪ್ ಗೆರೆಯ ಪಿನ್ 20ರಿಂದ 5 ವೋಲ್ಟಿಗೆ 220 ಓಮಿನ ರೆಸಿಸ್ಟರೊಂದನ್ನು ಬೆಸೆದೆ. 14 ಇದ್ದದ್ದು 5ಕ್ಕೆ ಇಳಿಯಿತು. ಇಳಿದದ್ದು ಸಂತೋಷವೇ, ಆದರೆ ಅರ್ಧ ವಾಸಿಯಾದ ಕಾಯಿಲೆಯಷ್ಟು ಕಿರಿಕಿರಿ ಬೇರೆ ಯಾವುದೂ ಕೊಡುವುದಿಲ್ಲ.

ಇನ್ನು ಉಳಿದದ್ದು ಬಿಬಿಸಿಗೂ ಗೋಟೆಕ್‌ಗೂ ನಡುವಿನ 34 ತಂತಿಯ ರಿಬ್ಬನ್ ಕೇಬಲ್. ಅದನ್ನು ಮೊದಲ ವಾರವೇ ಮಲ್ಟಿಮೀಟರಿನಿಂದ ಪರೀಕ್ಷಿಸಿದ್ದೆ, ಆದರೆ ಸಿಗ್ನಲ್ ಇರುವ ಸಮಸಂಖ್ಯೆಯ ಪಿನ್ನುಗಳನ್ನು ಮಾತ್ರ. ಬೆಸಸಂಖ್ಯೆಯ ಹದಿನೇಳೂ ಗ್ರೌಂಡ್ ತಾನೇ, ಒಂದು ತಾಗಿದರೆ ಸಾಕೆಂದು ಭಾವಿಸಿದ್ದೆ. ನಿನ್ನೆ ಅವುಗಳನ್ನು ಒಂದೊಂದಾಗಿ ಮುಟ್ಟಿಸಿದಾಗ ಬೀಪ್ ಬಂದದ್ದು ನಾಲ್ಕರಲ್ಲಿ ಮಾತ್ರ. ರಿಬ್ಬನ್ನಿನ ತಂತಿಗಳು ಕನೆಕ್ಟರಿನ ಎರಡು ಸಾಲುಗಳಿಗೆ ಒಂದು ಬಿಟ್ಟು ಒಂದರಂತೆ ಹೋಗುತ್ತವೆಂಬುದು ನಿಮಗೆ ಗೊತ್ತೇ ಇದೆ. ಎಸ್‌ಪಿ ರಸ್ತೆಯ ಅಂಗಡಿಯ ಪುಣ್ಯಾತ್ಮನು ಕನೆಕ್ಟರನ್ನು ಒಂದು ಬದಿಗೆ ವಾಲಿಸಿ ಒತ್ತಿದ್ದರಿಂದ ಸಿಗ್ನಲ್ಲಿನ ಸಾಲು ಚೆನ್ನಾಗಿ ಕಚ್ಚಿಕೊಂಡಿತ್ತು, ಗ್ರೌಂಡಿನ ಸಾಲು ಪ್ಲಾಸ್ಟಿಕ್ಕಿನ ಮೇಲೆಯೇ ಕುಳಿತಿತ್ತು. ಅದರ ಮೇಲೆ ನಾನು ಗೋಟೆಕ್‌ಗೆ ವಿದ್ಯುತ್ತನ್ನು ಮೊಬೈಲ್ ಚಾರ್ಜರಿನಿಂದ ಕೊಟ್ಟಿದ್ದೆ. ಬಿಬಿಸಿಗೂ ಗೋಟೆಕ್‌ಗೂ ನಡುವೆ ಗ್ರೌಂಡಿನ ಸಂಬಂಧವೆಂದರೆ ಆ ನಾಲ್ಕು ಎಳೆಗಳು ಮಾತ್ರ. ಬೇರೆ ಗೆರೆಗಳಲ್ಲಿ ಕರೆಂಟ್ ಬದಲಾದಾಗಲೆಲ್ಲ ಗ್ರೌಂಡೇ ಕುಲುಕಿದರೆ ಸ್ಟೆಪ್ ಗೆರೆಯು ಎರಡು ಸಲ ಏರಿಳಿದಂತೆ ಕಾಣುವುದು ಸಹಜ.

ನೆರೆಮನೆಯ ಬಡಗಿಯಿಂದ ವೈಸ್ ತಂದು, ಹೊಸ ಕನೆಕ್ಟರನ್ನು ಎರಡು ಹಲಗೆಗಳ ನಡುವೆ ನೇರವಾಗಿ ಇಟ್ಟು ಒತ್ತಿದೆ. ಹದಿನೇಳು ಬೀಪ್. ವಿದ್ಯುತ್ತನ್ನೂ ಬಿಬಿಸಿಯ ತಳದಲ್ಲಿರುವ ಸಾಕೆಟ್ಟಿಗೆ ಬದಲಿಸಿದೆ. 5 ವೋಲ್ಟಿನಲ್ಲಿ 1.25 ಆಂಪಿಯರ್ ಕೊಡುವ ಅದಕ್ಕೆ ಗೋಟೆಕ್ ಲೆಕ್ಕಕ್ಕೇ ಇಲ್ಲ. 500 ಸುತ್ತು ಓಡಿಸಿದೆ, ಒಮ್ಮೆಯೂ 40 ಬರಲಿಲ್ಲ. 220 ಓಮಿನ ರೆಸಿಸ್ಟರನ್ನು ಕಿತ್ತು ಮತ್ತೆ 500 ಓಡಿಸಿದರೂ ಬರಲಿಲ್ಲ. ನಡುರಾತ್ರಿಯಲ್ಲಿ ಶಿಫ್ಟ್ ಒತ್ತಿಹಿಡಿದು ಬ್ರೇಕ್ ಒತ್ತಿದೆ. ಡಿಸ್ಕ್ ಸದ್ದಿಲ್ಲದೆ ಬೂಟ್ ಆಯಿತು, ಸದ್ದಿಲ್ಲದಿರುವುದು ಮಾತ್ರ ಇನ್ನೂ ಒಗ್ಗಿಲ್ಲ.

ಯೂಸರ್ ಪೋರ್ಟಿಗೆ ಎಸ್‌ಡಿ ಕಾರ್ಡ್ ಸಿಕ್ಕಿಸಿ, ಅದನ್ನೇ ಡಿಸ್ಕಿನಂತೆ ಓದಿಸುವ ಎಂಎಂಎಫ್‌ಎಸ್ ತಂತ್ರಾಂಶ ಹಾಕಿದ್ದರೆ ಈ ಪಾಡೇ ಇರಲಿಲ್ಲವೆಂದು ಗೆಳೆಯರು ಹೇಳುತ್ತಾರೆ, ಅದು ನಿಜ. ಆದರೆ ನನಗೆ ಫ್ಲಾಪಿ ಬಸ್ಸೇ ಬೇಕಿತ್ತು, ಏಕೆಂದರೆ ಯಂತ್ರದ ಜೊತೆಗೆ ಬೂಷ್ಟು ಹಿಡಿದ ಹನ್ನೊಂದು 5.25 ಇಂಚಿನ ಫ್ಲಾಪಿಗಳೂ ಬಂದಿವೆ. ಅವುಗಳ ಹಾಳೆಗಳನ್ನು ಹೊರತೆಗೆದು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಹಳೆಯ ಡ್ರೈವನ್ನು ಇಂದಿನ ಕಂಪ್ಯೂಟರಿಗೆ ಜೋಡಿಸುವ ಗ್ರೀಸ್‌ವೀಸಲ್‌ನಿಂದ ಫ್ಲಕ್ಸ್ (ಹಾಳೆಯ ಮೇಲಿನ ಕಾಂತೀಯ ಗುರುತುಗಳು) ಸಮೇತ ಓದಿ, ಇದೇ ಗೋಟೆಕ್‌ಗೆ ಹಾಕಿ, ಇದೇ ಯಂತ್ರದಲ್ಲಿ ತೆರೆಯಬೇಕೆಂದಿದ್ದೇನೆ. ಬಡಗಿಯು ವೈಸನ್ನು ಭಾನುವಾರ ಕೇಳಿದ್ದಾನೆ. ಅಷ್ಟರೊಳಗೆ 5.25 ಡ್ರೈವಿನ ಕೇಬಲ್ಲನ್ನೂ ನಾನೇ ಒತ್ತಿಕೊಳ್ಳುತ್ತೇನೆ.