ಬೀಜಿಂಗ್ ದಿನಚರಿ: ನೇರಳೆ ಎಲ್ಲಿ ಹೋಯಿತು?

9 ನವೆಂಬರ್ 2019, ಶನಿವಾರ, ಬೀಜಿಂಗ್

ರಾತ್ರಿ ಹತ್ತೂವರೆ. ರೂಮಿನ ಬಕೆಟ್ಟಿನಲ್ಲಿ ಬಿಸಿನೀರು ತುಂಬಿ, ಅದರಲ್ಲಿ ಕಾಲು ಇಳಿಬಿಟ್ಟು ಬರೆಯುತ್ತಿದ್ದೇನೆ. ಅಷ್ಟು ನಡೆದಿದ್ದೇನೆ ಇವತ್ತು.

ಬೆಳಿಗ್ಗೆ ಟ್ಯಾಕ್ಸಿಯವನಿಗೆ 'ಫರ್ಬಿಡನ್ ಸಿಟಿ' ಅಂದರೆ ಸುಮ್ಮನೆ ಮುಖ ನೋಡಿದ. ಫೋನಿನಲ್ಲಿ ಫೋಟೊ ತೋರಿಸಿದ ಮೇಲೆ "ಓ, ಗುಗೊಂಗ್!" ಅಂದು ನಕ್ಕ. ಇಲ್ಲಿಯವರ ಬಾಯಲ್ಲಿ ಅದು ಗುಗೊಂಗ್, ಅಂದರೆ ಹಿಂದಿನ ಅರಮನೆ, ಅಷ್ಟೇ. ಅರಸರ ಕಾಲದ ಹೆಸರು ಬೇರೆ: ಜ಼ಿ ಜಿನ್ ಚೆಂಗ್. ಬಾಗಿಲಲ್ಲಿ ಕಾಯುತ್ತಿದ್ದ ಇಲ್ಲಿನ ಆಫೀಸಿನ ಸಹೋದ್ಯೋಗಿ ಆ ಮೂರು ಅಕ್ಷರಗಳನ್ನು ತನ್ನ ಅಂಗೈ ಮೇಲೆ ಬೆರಳಲ್ಲಿ ಬರೆದು ತೋರಿಸಿದಳು. ಕೊನೆಯ ಚೆಂಗ್ ಅಂದರೆ ಕೋಟೆ ಕಟ್ಟಿದ ಊರು, ಅದರ ಎಡಗಡೆ 'ಮಣ್ಣು' ಇದೆ. ನಡುವಿನ ಜಿನ್ ಅಂದರೆ ನಿಷೇಧ. ಮೇಲೆ ಎರಡು ಮರ, ಕೆಳಗೆ ದೇವಕಾರ್ಯದ ಗುರುತು. ಮೊದಲನೆಯ ಜ಼ಿ, ಕೆಳಗೆ ರೇಷ್ಮೆ ನೂಲಿನ ಗುರುತಿರುವುದು, ನೇರಳೆ ಬಣ್ಣ.

ನೇರಳೆ! 'ನಿಷೇಧಿತ ನಗರ' ಅಂತ ನಮ್ಮ ಪೇಪರುಗಳಲ್ಲಿ ಎಷ್ಟು ಸಲ ಓದಿಲ್ಲ. ಇಂಗ್ಲಿಷಿನವರು ಈ ಮೊದಲಕ್ಷರ ಕೈಬಿಟ್ಟರು, ನಾವು ಅವರ ಹಿಂದೆಯೇ ಹೋದೆವು. ನಲವತ್ತು ಯುವಾನ್ ಟಿಕೆಟ್ಟಿಗೆ (ಚಳಿಗಾಲದ ದರ, ಪಾಸ್‌ಪೋರ್ಟ್ ನಂಬರ್ ಕೊಟ್ಟು ಮೊದಲೇ ಮಾಡಿಸಬೇಕು) ವೂಮೆನ್ ಬಾಗಿಲು ದಾಟಿ ಒಳಗೆ ಹೋದವನು ದಿನವಿಡೀ ನೇರಳೆ ಹುಡುಕಿದೆ. ಗೋಡೆ ಕೆಂಪು, ಹೆಂಚು ಹಳದಿ, ಮೆಟ್ಟಿಲು ಬಿಳಿ. ಸೂರಿನ ಕೆಳಗೆ ಹಸಿರು, ನೀಲಿ. ನೇರಳೆ ಮಾತ್ರ ಎಲ್ಲೂ ಸಿಗಲಿಲ್ಲ.

ಅದು ಇರುವುದು ಆಕಾಶದಲ್ಲಿ. ಹಳೆಯ ಚೀನಿ ಜೋಯಿಸರು ಉತ್ತರ ಧ್ರುವದ ಸುತ್ತಲಿನ ನಕ್ಷತ್ರಗಳಿಗೆಲ್ಲ ಒಂದು ಬೇಲಿ ಕಟ್ಟಿ ಅದನ್ನು ಜ಼ಿವೇ ಅಂದರು, ಆಕಾಶದ ಒಡೆಯನ ನೇರಳೆ ಆವರಣ. ಒಳಗೆ ಪೂರ್ತಿ ಸಂಸಾರವೇ ಇದೆ: ಒಂದು ನಕ್ಷತ್ರ ಚಕ್ರವರ್ತಿ, ಪಕ್ಕದ್ದು ಯುವರಾಜ, ಇನ್ನೊಂದು ಉಪಪತ್ನಿಯ ಮಗ, ಮತ್ತೊಂದು ರಾಣಿವಾಸ. ಒಳ್ಳೆಯ ದೊರೆ ಉತ್ತರದ ನಕ್ಷತ್ರದ ಹಾಗೆ, ತಾನು ಕೂತಲ್ಲೇ ಕೂತಿದ್ದರೂ ಉಳಿದವೆಲ್ಲ ಅವನತ್ತ ತಿರುಗಿರುತ್ತವೆ ಅಂತ ಕನ್ಫ್ಯೂಷಿಯಸ್ ಬೇರೆ ಹೇಳಿಬಿಟ್ಟಿದ್ದ. ಮೇಲಿನ ಒಡೆಯನಿಗೆ ನೇರಳೆ ಮನೆ ಇದ್ದ ಮೇಲೆ 'ಆಕಾಶದ ಮಗ' ಅನ್ನಿಸಿಕೊಂಡ ಕೆಳಗಿನ ಚಕ್ರವರ್ತಿಗೂ ಬೇಡವೇ? ಬಣ್ಣ ಮೇಲಿನದು, ನಿಷೇಧ ಕೆಳಗಿನದು. ಅಪ್ಪಣೆ ಇಲ್ಲದೆ ಯಾರೂ ಒಳಗೆ ಕಾಲಿಡುವ ಹಾಗಿರಲಿಲ್ಲ. ಕೋಣೆಗಳು 9,999 ಮತ್ತು ಅರ್ಧ ಅನ್ನುವ ಕತೆಯೂ ಇದೇ ಜಾಡಿನದು. ಆಕಾಶದಲ್ಲಿ 10,000, ಇಲ್ಲಿ ಅರ್ಧ ಕಡಿಮೆ. ಎಣಿಸಿದವರಿಗೆ ಸಿಕ್ಕಿದ್ದು 8,700 ಚಿಲ್ಲರೆ.

ಕಟ್ಟಿಸಿದವನು ಮಿಂಗ್ ವಂಶದ ಯೊಂಗ್ಲೆ. ಅಣ್ಣನ ಮಗನ ಪಟ್ಟ ಕಿತ್ತುಕೊಂಡು ಬಂದವನು. ರಾಜಧಾನಿಯನ್ನು ನಾನ್‌ಜಿಂಗ್‌ನಿಂದ ಇಲ್ಲಿಗೆ ಎಳೆದು ತಂದ. 1406ರಲ್ಲಿ ಶುರುವಾದ ಕೆಲಸ 1420ಕ್ಕೆ ಮುಗಿಯಿತು. ಮರುವರ್ಷವೇ ಸಿಡಿಲು ಬಡಿದು ಮೂರು ದೊಡ್ಡ ಸಭಾಮಂಟಪಗಳು ಸುಟ್ಟು ಬೂದಿ. ನಕ್ಷತ್ರಗಳ ನೆಂಟಸ್ತನ ಹೇಳಿಕೊಂಡವನಿಗೆ ಆಕಾಶದ ಉತ್ತರ ಅದು ಅಂತ ಆಗಿನವರು ಗುಸುಗುಸು ಮಾಡದೆ ಬಿಟ್ಟಿರಲಾರರು.

ಹಿಂದಿನ ಅರ್ಧದಲ್ಲಿ ಹೆಸರುಗಳ ಆಟ ಇನ್ನೂ ಚೆಂದ. ದೊರೆ ಮಲಗುವ ಮನೆಯ ಹೆಸರಲ್ಲಿ ಆಕಾಶ, ಚಿಯೆನ್. ರಾಣಿಯ ಮನೆಯಲ್ಲಿ ಭೂಮಿ, ಕುನ್. ನಡುವೆ ಚಿಕ್ಕದೊಂದು ಮಂಟಪ, ಎರಡೂ ಕೂಡುವ ಜಾಗ. ನಮ್ಮದು ನೋಡಿ, ಅರಸನ ಮನೆ ಅರಮನೆ. ಸಮಾಸ ಬಿಡಿಸಿದರೆ ಮುಗಿಯಿತು, ಪರೀಕ್ಷೆಯಲ್ಲಿ ಒಂದು ಮಾರ್ಕು.

ಹೊರಗೆ ಬರುವುದು ಉತ್ತರದ ಶೆನ್‌ವೂ ಬಾಗಿಲಿಂದ. ಅದು ಮೊದಲು ಶ್ವೆನ್‌ವೂ, ಉತ್ತರ ದಿಕ್ಕು ಕಾಯುವ ಆಮೆ-ಹಾವಿನ ದೇವತೆಯ ಹೆಸರು. ಚಿಂಗ್ ವಂಶದ ಕಾಂಗ್‌ಶಿ ಪಟ್ಟಕ್ಕೆ ಬಂದ, ಅವನ ಸ್ವಂತ ಹೆಸರು ಶ್ವೆನ್‌ಯೆ. ದೊರೆಯ ಹೆಸರಿನ ಅಕ್ಷರ ಬರೆಯಬಾರದು, ನುಡಿಯಬಾರದು. ಬಾಗಿಲೇ ಹೆಸರು ಬದಲಿಸಿಕೊಂಡಿತು. ಸಹೋದ್ಯೋಗಿ ಇದನ್ನು ವಿಚಿತ್ರ ಅನ್ನುವ ಹಾಗೆ ಹೇಳಿದಳು. ನನಗೇನೂ ವಿಚಿತ್ರ ಅನ್ನಿಸಲಿಲ್ಲ. ನಮ್ಮಜ್ಜನದು ತಿರುಪತಿ ದೇವರ ಹೆಸರು. ಅಜ್ಜಿ ಸಾಯುವ ತನಕ ಆ ದೇವರನ್ನು 'ಬೆಟ್ಟದಪ್ಪ' ಅಂತಲೇ ಕರೆದಳು. ಮಂಗಳಾರತಿ ಹಾಡಿನಲ್ಲಿ ಆ ಹೆಸರು ಬಂದಾಗ ಅವಳ ತುಟಿ ಮುಚ್ಚುತ್ತಿತ್ತು, ರಾಗ ಮಾತ್ರ ಮೂಗಲ್ಲಿ ಮುಂದುವರಿಯುತ್ತಿತ್ತು.

ಸಂಜೆ ಎದುರಿನ ಜಿಂಗ್‌ಶಾನ್ ಗುಡ್ಡ ಹತ್ತಿದೆ. ಕೋಟೆಯ ಕಂದಕ ಅಗೆದ ಮಣ್ಣು ಪೇರಿಸಿ ಮಾಡಿದ ಗುಡ್ಡ. ಮಿಂಗ್ ವಂಶದ ಕೊನೆಯ ದೊರೆ 1644ರಲ್ಲಿ ಇದರ ಬುಡದಲ್ಲೇ ನೇಣು ಹಾಕಿಕೊಂಡ. ಮೇಲಿನ ಮಂಟಪದಲ್ಲಿ ಜನವೋ ಜನ, ಎಲ್ಲರ ಫೋನೂ ದಕ್ಷಿಣಕ್ಕೆ. ಹೊತ್ತು ಮುಳುಗಿತು, ಹಳದಿ ಹೆಂಚುಗಳು ಒಂದೊಂದೇ ಸಾಲು ಕಪ್ಪಾದವು. ಹುಣ್ಣಿಮೆಗೆ ಇನ್ನು ಮೂರು ದಿನ. ಅರಮನೆಯ ಎಡಕ್ಕೆ ಚಂದ್ರ ಎದ್ದಿದ್ದ. ಗಾಳಿ ಬೀಸಿ ಹೊಗೆ ಚದುರಿತ್ತು. ನಾನು ಅರಮನೆಗೆ ಬೆನ್ನು ಮಾಡಿ ನಿಂತು ಕೈ ಚಾಚಿ ಮುಷ್ಟಿ ಹಿಡಿದೆ. ಒಂದು ಮುಷ್ಟಿಗೆ ಹತ್ತು ಡಿಗ್ರಿ. ಬೆಂಗಳೂರಿನಲ್ಲಿ ಧ್ರುವ ದಿಗಂತದಿಂದ ಒಂದು ಮುಷ್ಟಿಗಿಂತ ತುಸು ಮೇಲೆ, 13 ಡಿಗ್ರಿ. ಇಲ್ಲಿ ನಾಲ್ಕು ಮುಷ್ಟಿ ಏರಿಸಬೇಕಾಯಿತು.

ಆಗ ತಲೆಗೆ ಹೊಕ್ಕಿತು. ಧ್ರುವ ಇಷ್ಟು ಮೇಲಿದ್ದರೆ ಅವನ ಸುತ್ತ ನಾಲ್ಕು ಮುಷ್ಟಿ ದೂರದ ತನಕ ಯಾವ ನಕ್ಷತ್ರವೂ ಮುಳುಗುವುದೇ ಇಲ್ಲ. ವರ್ಷವಿಡೀ ಆ ಬೇಲಿಯೊಳಗೇ ಸುತ್ತುತ್ತಿರುತ್ತವೆ. ನಮ್ಮೂರಲ್ಲಿ ಸಪ್ತರ್ಷಿಗಳೂ ಮುಳುಗುತ್ತಾರೆ. ನಮಗೆ ಧ್ರುವ ಅಂದರೆ ಅಪ್ಪನ ತೊಡೆ ಸಿಗದ ಒಂಟಿ ಹುಡುಗ. ಇಲ್ಲಿ ಅವನ ಜಾಗ ಪೂರ್ತಿ ಕೋಟೆ. ದೊರೆ ದಕ್ಷಿಣಕ್ಕೆ ಮುಖ ಮಾಡಿ ಕೂರುತ್ತಿದ್ದುದೂ ಅದಕ್ಕೇ, ಬೆನ್ನ ಹಿಂದೆ ಆ ಆಕಾಶ ಇರಲಿ ಅಂತ. ಇನ್ನೊಂದು ತಮಾಷೆ: ಅವರ ಚಕ್ರವರ್ತಿ ನಕ್ಷತ್ರ ಈಗಿನ ಧ್ರುವ ಅಲ್ಲ. ಧ್ರುವನ ಎಡಕ್ಕೆ, ಸ್ವಲ್ಪ ಕೆಳಗೆ, ಕೆಂಪು ಛಾಯೆಯ ಕೊಚಾಬ್. ಸುಮಾರು 3,000 ವರ್ಷದ ಹಿಂದೆ, ನಕ್ಷತ್ರಗಳೆಲ್ಲ ಸುತ್ತುವ ನಡುಬಿಂದುವಿಗೆ ಹತ್ತಿರವಿದ್ದದ್ದು ಅದೇ. ಅಲ್ಲಾಡದವನೂ ಪಕ್ಕಕ್ಕೆ ಸರಿದಿದ್ದಾನೆ.

ಈಗಷ್ಟೇ ಅಮ್ಮನ ಫೋನು. ಇದನ್ನೆಲ್ಲ ಕೊರೆದೆ.

"ನೇರಳೆ ಅಂತೀಯ, ನೀನು ಕಳಿಸಿದ ಫೋಟೋದಲ್ಲೆಲ್ಲ ಕೆಂಪೇ ಇದೆಯಲ್ಲೋ."

"ಅದು ಧ್ರುವನ ಹತ್ತಿರ ಇದೆಯಮ್ಮ. ಇಲ್ಲಿ ಕತ್ತು ನೋಯೋಷ್ಟು ಮೇಲಿದ್ದಾನೆ."

ಚಪ್ಪಲಿ ಮೆಟ್ಟಿದ ಸದ್ದು, ಮಹಡಿ ಮೆಟ್ಟಿಲು ಹತ್ತಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತು ಏದುಸಿರು.

"ಇಲ್ಲಿ ಕಾಣಲ್ಲ ಬಿಡೋ. ಎದುರುಮನೆಯವರು ಹೊಸ ಟ್ಯಾಂಕ್ ಇಡ್ಸಿದ್ದಾರೆ."